ಕಡುಬಿಗೆ ಮೊದಲು ಹಬೆ, ಆಮೇಲೆ ಬಿಸಿಗಾಳಿ

ಕೂಸೇ, ಫ್ರೀಜರ್‌ನಿಂದ ತೆಗೆದ ಮೊಮೊಗಳನ್ನು ಹಾಗೆಯೇ ಏರ್ ಫ್ರೈಯರ್‌ಗೆ ಸುರಿದು ಗುಂಡಿ ಒತ್ತಬೇಡ. ಮೊದಲು ಅವಕ್ಕೆ ನೀರು ಕಾಣಿಸು. ಈ ಒಂದು ಮಾತು ತಲೆಯಲ್ಲಿ ಉಳಿದರೆ, ಮುಂದೆ ನಾನು ಬರೆಯುವುದರಲ್ಲಿ ಅರ್ಧವನ್ನು ನೀನೇ ಕಂಡುಕೊಳ್ಳುತ್ತೀಯ.

ಅಂಚು ಹಲ್ಲಿಗೆ ಸಿಗದಷ್ಟು ಗಟ್ಟಿ, ಮೇಲೆಲ್ಲ ಬಿಳಿ ಹಿಟ್ಟಿನ ಕಲೆ, ಕಚ್ಚಿದರೆ ನಡುವೆ ಇನ್ನೂ ತಣ್ಣಗೆ ಎಂದು ಫೋನಿನಲ್ಲಿ ಬೇಸರಪಟ್ಟುಕೊಂಡೆಯಲ್ಲ, ಅದು ನಿನ್ನ ಕೈಗುಣದ ದೋಷವೇನೂ ಅಲ್ಲ. ಹೊಸ ಪಾತ್ರೆ ಮನೆಗೆ ಬಂದಾಗ ಅದರ ಶಾಖ ಎಂಥದು ಎಂದು ಯಾರಾದರೂ ಹೇಳಿಕೊಡಬೇಕು. ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಎಷ್ಟು ಡಿಗ್ರಿ, ಎಷ್ಟು ನಿಮಿಷ ಎನ್ನುವುದನ್ನು ಹೇಳುತ್ತದೆ, ಏಕೆ ಎನ್ನುವುದನ್ನು ಹೇಳುವುದಿಲ್ಲ. ನಾನು ಬದುಕೆಲ್ಲ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳಿದವಳು. ಏಕೆ ಎನ್ನುವುದು ತಿಳಿಯದೆ ಮುಂದೆ ಹೋಗುವುದು ನನಗೆ ಒಗ್ಗುವುದಿಲ್ಲ. ನೀನೂ ಹಾಗೇ ಇರಬೇಕೆಂಬುದು ನನ್ನ ಆಸೆ.

ಆ ಪೆಟ್ಟಿಗೆಯ ಮೇಲ್ಭಾಗದಲ್ಲಿ ಒಂದು ಕಾಯಿಲ್ ಕೆಂಪಗೆ ಕಾಯುತ್ತದೆ. ಅದರ ಹತ್ತಿರ ಕೂತ ಫ್ಯಾನು ಬಿಸಿಗಾಳಿಯನ್ನು ಜೋರಾಗಿ ಕೆಳಕ್ಕೆ ನೂಕುತ್ತದೆ. ಗಾಳಿ ಬುಟ್ಟಿಯ ತೂತುಗಳಲ್ಲಿ ಹಾದು, ತಿನಿಸಿನ ಸುತ್ತ ಸುಳಿದು ಮತ್ತೆ ಮೇಲೇರುತ್ತದೆ. 2010ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಮೇಳದಲ್ಲಿ ಇದನ್ನು ಜನರ ಮುಂದಿಟ್ಟಿತು. ಈಗ ಮೈಸೂರಿನ ಅಂಗಡಿಗಳಲ್ಲಿ ಮಿಕ್ಸಿ, ಕುಕ್ಕರುಗಳ ಪಕ್ಕದಲ್ಲೇ ಸಾಲಾಗಿ ಕೂತಿದೆ. ಕೆಲಸದ ರೀತಿ ನೋಡಿದರೆ ಇದು ಬೇಕರಿ ಓವನ್ನಿನ ಮರಿ. ಹಿಂದೆ ನಮ್ಮ ಮನೆಗಳಲ್ಲಿ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡಿ ಮೇಲಿನಿಂದಲೂ ಶಾಖ ಕೊಡುತ್ತಿದ್ದರು. ಇಲ್ಲಿ ಆ ಕೆಂಡದ ಕೆಲಸವನ್ನು ಕಾಯಿಲ್ ಮಾಡುತ್ತದೆ. ಆದರೆ ಮುಚ್ಚಿದ ಪಾತ್ರೆಯೊಳಗೆ ಹಬೆ ಉಳಿಯುತ್ತಿತ್ತು. ಇಲ್ಲಿ ಫ್ಯಾನು ಹಬೆಯನ್ನು ನಿಲ್ಲಗೊಡುವುದಿಲ್ಲ, ಹೊರಕ್ಕಟ್ಟುತ್ತದೆ. ತೊಂದರೆಯೆಲ್ಲ ಹುಟ್ಟುವುದು ಅಲ್ಲಿಂದಲೇ.

ಮೈದಾದಲ್ಲಿರುವ ಪಿಷ್ಟ ಬೇಯಬೇಕಾದರೆ ಅದಕ್ಕೆ ಬಿಸಿಯೂ ಬೇಕು, ನೀರೂ ಬೇಕು. ಸುಮಾರು 60 ಡಿಗ್ರಿ ದಾಟಿದ ಮೇಲೆ ಅದರ ಕಣಗಳು ನೀರು ಕುಡಿದು ಉಬ್ಬುತ್ತವೆ. ಆಗಲೇ ಹಿಟ್ಟು ಹಸಿ ವಾಸನೆ ಬಿಟ್ಟು ಮೆದುವಾಗಿ ಹೊಳೆಯುವುದು. ಆ ನೀರು ಒಳಸೇರುವ ಮೊದಲೇ ಒಣ ಗಾಳಿ ಅದನ್ನು ಹೀರಿಕೊಂಡರೆ ಹಿಟ್ಟು ಒಣಗುತ್ತದೆಯೇ ಹೊರತು ಬೇಯುವುದಿಲ್ಲ. ನೀನು ಕಂಡ ಬಿಳಿ ಕಲೆ ಬೇಯದೆ ಒಣಗಿದ ಹಿಟ್ಟು. ಮಡಿಕೆ ಹಾಕಿದ ಅಂಚಿನಲ್ಲಿ ಹಿಟ್ಟು ಎರಡು ಮೂರು ಪದರ ದಪ್ಪವಿರುವುದರಿಂದ ಅಲ್ಲಿ ಇದು ಇನ್ನೂ ಹೆಚ್ಚು.

ಇನ್ನು ನಡುವೆ ತಣ್ಣಗಿದ್ದುದಕ್ಕೆ ಕಾರಣ ಮಂಜುಗಡ್ಡೆ. ಒಂದು ಗ್ರಾಂ ಮಂಜುಗಡ್ಡೆ ಬರೀ ಕರಗಿ ನೀರಾಗಲು 80 ಕ್ಯಾಲೊರಿ ಶಾಖ ನುಂಗುತ್ತದೆ. ಅಷ್ಟೇ ಶಾಖವನ್ನು ಒಂದು ಗ್ರಾಂ ನೀರಿಗೆ ಕೊಟ್ಟರೆ ಅದು ಸೊನ್ನೆಯಿಂದ 80 ಡಿಗ್ರಿಗೆ ಏರುತ್ತದೆ. ಹೂರಣದೊಳಗಿನ ಕೋಸು, ಈರುಳ್ಳಿ, ಮಾಂಸ ಎಲ್ಲದರಲ್ಲೂ ಹೆಚ್ಚಿನ ಪಾಲು ನೀರೇ. ಅದು ಕರಗುವವರೆಗೆ ನಡುಭಾಗ ಸೊನ್ನೆಯ ಆಸುಪಾಸಿನಲ್ಲೇ ನಿಂತಿರುತ್ತದೆ. ಹೊರಗೆ ಚರ್ಮ ಮಾತ್ರ 180 ಡಿಗ್ರಿಯ ಗಾಳಿಗೆ ಮೈಯೊಡ್ಡಿ ಕೂತಿರುತ್ತದೆ. ಶಾಖ ಹೆಚ್ಚಿಸಿದರೆ ಒಳಗು ಬೇಗ ಬೇಯುತ್ತದೆಂದು ನೀನು 200ಕ್ಕೆ ಇಟ್ಟೆ. ಅದರಿಂದ ಬೇಗ ಆದದ್ದು ಚರ್ಮ ಸುಟ್ಟುಕೊಂಡದ್ದು ಮಾತ್ರ. ಹಾಗೆಂದು ಹೊರಗಿಟ್ಟು ಕರಗಿಸಿ ಹಾಕಲೂ ಹೋಗಬೇಡ. ಕರಗುವಾಗ ಮೇಲೆ ನೀರಾಡಿ ಹಿಟ್ಟು ಅಂಟಂಟಾಗುತ್ತದೆ, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಬಿಡಿಸುವಷ್ಟರಲ್ಲಿ ಹರಿದು ಹೂರಣ ಹೊರಬರುತ್ತದೆ. ಗಟ್ಟಿ ಇರುವಾಗಲೇ ಒಲೆಗೆ ಹೋಗಬೇಕು.

ನಿನ್ನ ಹತ್ತಿರ ಇಡ್ಲಿ ಪಾತ್ರೆ ಇದೆ. ಬೆಂಗಳೂರಿಗೆ ಹೋಗುವಾಗ ನಾನೇ ಕೊಟ್ಟು ಕಳಿಸಿದ್ದು. ಅದನ್ನು ಮೇಲಿನ ಕಪಾಟಿನಿಂದ ಇಳಿಸು. ನೀರು ಕುದಿ ಬರಲಿ. ತಟ್ಟೆಯ ಗುಳಿಗಳಿಗೆ ಎಣ್ಣೆ ಸವರು, ಇಲ್ಲವೇ ಬಾಳೆ ಎಲೆಯ ಚೂರು ಹಾಸು. ಫ್ರೀಜರ್‌ನಿಂದ ತೆಗೆದ ಮೊಮೊಗಳನ್ನು ನೇರವಾಗಿ ಅದರ ಮೇಲಿಟ್ಟು ಮುಚ್ಚಿ ಹಬೆ ಕೊಡು. ಎಷ್ಟು ನಿಮಿಷ ಎಂಬುದು ಪೊಟ್ಟಣದ ಬಗೆಯ ಮೇಲಿದೆ, ಅದನ್ನು ಮುಂದೆ ಹೇಳುತ್ತೇನೆ. ಅಷ್ಟರಲ್ಲಿ ಏರ್ ಫ್ರೈಯರ್ ಅನ್ನು ಖಾಲಿಯಾಗಿಯೇ 180 ಡಿಗ್ರಿಗೆ ಮೂರು ನಿಮಿಷ ಕಾಯಿಸಿಕೋ. ಹಬೆಯಿಂದ ತೆಗೆದವನ್ನು ಒಂದು ನಿಮಿಷ ಹಾಗೇ ಬಿಡು, ಮೇಲಿನ ತೇವ ಆರಲಿ. ಎಂಟು ಹತ್ತು ಮೊಮೊಗಳಿಗೆ ಒಂದು ಚಮಚ ಎಣ್ಣೆ ಸಾಕು, ಬೆರಳಲ್ಲೇ ಎಲ್ಲ ಕಡೆಗೂ, ಮುಖ್ಯವಾಗಿ ಮಡಿಕೆಯ ಸಂದಿಗೆ ಸವರು. ಬುಟ್ಟಿಯಲ್ಲಿ ಒಂದಕ್ಕೊಂದು ತಾಗದಂತೆ ಒಂದೇ ಪದರದಲ್ಲಿ ಜೋಡಿಸು. ಐದು ನಿಮಿಷ ಸಾಕು, ನಡುವೆ ಒಮ್ಮೆ ತಿರುವಿ ಹಾಕು. ಹೊರಗೆ ಗರಿಗರಿ, ಅದರ ಕೆಳಗೆ ಮೆದು, ನಡುವೆ ಕೈ ಸುಡುವಷ್ಟು ಬಿಸಿ, ಮೂರೂ ಆಗ ಒಟ್ಟಿಗೆ ಸಿಗುತ್ತವೆ.

ಎರಡು ಪಾತ್ರೆ ತೊಳೆಯುವಷ್ಟು ಚೈತನ್ಯ ಇಲ್ಲದ ರಾತ್ರಿಗಳೂ ಇರುತ್ತವೆ, ಗೊತ್ತು. ಆಗ ಒಂದೊಂದನ್ನೂ ನೀರಿನಲ್ಲಿ ಅದ್ದಿ ತೆಗೆದು, ಮೇಲೆ ಎಣ್ಣೆ ಸವರಿ, ಮೊದಲು 160 ಡಿಗ್ರಿಯಲ್ಲಿ ಆರು ನಿಮಿಷ ಇಡು. ತೆಗೆದು ನೋಡಿ ಮತ್ತೆ ಸ್ವಲ್ಪ ನೀರು ಚಿಮುಕಿಸಿ ತಿರುವಿ, 190ರಲ್ಲಿ ನಾಲ್ಕೈದು ನಿಮಿಷ ಇಡು. ಹಬೆಯಷ್ಟು ಚೆನ್ನಾಗಿ ಬರುವುದಿಲ್ಲ, ಆದರೆ ಹಲ್ಲು ನೋಯುವುದಿಲ್ಲ. ಎಣ್ಣೆಯನ್ನು ಪೂರಾ ಬಿಟ್ಟುಬಿಡಬೇಡ. ಒಣ ಗಾಳಿಯ ಶಾಖ ಹಿಟ್ಟಿಗೆ ಸಮನಾಗಿ ಹಿಡಿಯಬೇಕಾದರೆ ಒಂದು ತೆಳು ಎಣ್ಣೆಯ ಪಸೆ ಬೇಕೇ ಬೇಕು.

ಪೊಟ್ಟಣದ ಹಿಂಬದಿಯನ್ನು ಓದು. ಕೆಲವು ಕಂಪನಿಗಳು ಮೊದಲೇ ಹಬೆಯಲ್ಲಿ ಬೇಯಿಸಿ ಆಮೇಲೆ ಹೆಪ್ಪುಗಟ್ಟಿಸಿರುತ್ತವೆ, ಕೆಲವು ಹಸಿಯಾಗಿಯೇ ಹೆಪ್ಪುಗಟ್ಟಿಸುತ್ತವೆ. ಮೊದಲನೆಯ ಬಗೆಗೆ ಹಬೆ ನಾಲ್ಕು ನಿಮಿಷ ಸಾಕು. ಎರಡನೆಯದಕ್ಕೆ ಎಂಟು ಹತ್ತು ನಿಮಿಷ ಬೇಕು. ಉಪ್ಪು ಎಷ್ಟಿದೆ ಎಂಬುದನ್ನೂ ಅಲ್ಲೇ ನೋಡು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಸಾಕು ಎನ್ನುತ್ತದೆ, ಅಂದರೆ ಸೋಡಿಯಂ ಲೆಕ್ಕದಲ್ಲಿ 2000 ಮಿಲಿಗ್ರಾಂಗಿಂತ ಕಡಿಮೆ. ಪೊಟ್ಟಣದ ಮೇಲೆ ಸೋಡಿಯಂ ಎಂದೇ ಬರೆದಿರುತ್ತಾರೆ. ನೀನು ತಿನ್ನುವ ಪಾಲಿಗೆ ಅದು ಎಷ್ಟಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿದರೆ, ಜೊತೆಗೆ ಕೊಟ್ಟ ಕೆಂಪು ಚಟ್ನಿಯನ್ನು ಎಷ್ಟು ಬಳಸಬೇಕೆಂದು ನಿನಗೇ ತಿಳಿಯುತ್ತದೆ.

ಮೊಮೊ ಎಂದರೆ ಎಲ್ಲಿಂದಲೋ ಬಂದ ತಿಂಡಿ ಎಂದು ನಿನ್ನ ಚಿಕ್ಕಪ್ಪ ಮೂಗು ಮುರಿಯುತ್ತಾನೆ. ಅವನ ಮಾತಿಗೆ ಬೇಸರ ಮಾಡಿಕೊಳ್ಳಬೇಡ. ಅದು ನಮ್ಮ ಜಿಲ್ಲೆಗೆ ಬಂದು ಎಷ್ಟೋ ಕಾಲವಾಯಿತು. ತಮ್ಮ ನಾಡು ಬಿಟ್ಟು ಬಂದ ಟಿಬೆಟಿನ ಜನರಿಗೆ ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲ ಕೊಟ್ಟಿತು. 1960ರ ದಶಕದ ಮೊದಲಲ್ಲೇ ಅವರು ಅಲ್ಲಿ ಕಾಡು ಸವರಿ ಮುಸುಕಿನ ಜೋಳ ಬೆಳೆಯತೊಡಗಿದರು. ಆಮೇಲೆ ಹುಣಸೂರಿನ ಗುರುಪುರದಲ್ಲಿ, ಕೊಳ್ಳೇಗಾಲದಾಚೆಯ ಒಡೆಯರಪಾಳ್ಯದಲ್ಲಿ ಅವರ ಊರುಗಳೆದ್ದವು. ಹಾಗೆ ನೋಡಿದರೆ ಮೊಮೊ ಮಾಡುವವರು ನಮ್ಮ ಬನ್ನೂರಿನಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲೇ ಇದ್ದಾರೆ. ಬೈಲಕುಪ್ಪೆಗೆ ಹೋದಾಗ ಅವರ ಅಡುಗೆಮನೆಯ ಕಡೆ ಕಣ್ಣು ಹಾಯಿಸು. ಅಂತಸ್ತು ಅಂತಸ್ತಾಗಿ ಏರಿಸಿದ ಪಾತ್ರೆ, ಕೆಳಗೆ ಕುದಿಯುವ ನೀರು, ಮೇಲೆ ಮುಚ್ಚಳ. ಮೊಮೊಗೆ ಏನು ಬೇಕೆಂದು ಅದನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರಿಗೆ ಗೊತ್ತಿದೆ. ನೀನು ಅವರಿಂದ ಹಬೆಯನ್ನು ಕಲಿತು, ಕೊನೆಯ ಐದು ನಿಮಿಷಕ್ಕೆ ಮಾತ್ರ ಯಂತ್ರವನ್ನು ಕರೆದುಕೊಂಡರೆ ತಿಂಡಿಯೂ ಕೆಡುವುದಿಲ್ಲ, ಯಂತ್ರಕ್ಕೆ ಕೊಟ್ಟ ದುಡ್ಡೂ ವ್ಯರ್ಥವಾಗುವುದಿಲ್ಲ.

ಹಿಟ್ಟಿನೊಳಗೆ ಹೂರಣ ಇಟ್ಟು ಮಡಿಸುವುದು ನಮಗೂ ಹಳೆಯ ವಿದ್ಯೆ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೇ ಶತಮಾನದ ಮೊದಲಲ್ಲಿ ಅಡುಗೆಯ ಮೇಲೆ ‘ಸೂಪಶಾಸ್ತ್ರ’ ಎಂಬ ಕಾವ್ಯವನ್ನೇ ಬರೆದ. ಅದರಲ್ಲಿ ಹಿಟ್ಟಿನ ಅಡುಗೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಹಿಟ್ಟನ್ನು ಕಲಸುವುದು, ಬೇಯಿಸುವುದು ಬರೆದಿಡಬೇಕಾದ ವಿಷಯ ಎಂದು ಒಬ್ಬ ಕವಿಗೆ ಆಗಲೇ ಅನಿಸಿತ್ತು. ಅಡುಗೆಯ ಬಗ್ಗೆ ಇಷ್ಟುದ್ದ ಬರೆಯುತ್ತೀಯಲ್ಲ ಅಜ್ಜಿ ಎಂದು ನೀನು ಕೇಳುವುದಾದರೆ, ನನಗಿಂತ ದೊಡ್ಡವರು ಬರೆದಿದ್ದಾರೆ.

ಆದರೆ ನಮ್ಮ ಕಡುಬುಗಳ ಚರ್ಮ ಒಂದೇ ಜಾತಿಯದಲ್ಲ, ಇಲ್ಲಿ ನೀನು ಎಚ್ಚರವಾಗಿರಬೇಕು. ಕಾವೇರಿ ನೀರು ಹರಿಯುವ ಭತ್ತದ ಸೀಮೆ ನಮ್ಮದು. ಕಾಯಿಕಡುಬಿಗೆ ನಾವು ಬಳಸುವುದು ಅಕ್ಕಿ ಹಿಟ್ಟು. ಕುದಿವ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಬಿಟ್ಟು, ಹಿಟ್ಟು ಸುರಿದು ಗಂಟಾಗದಂತೆ ತಿರುವಿ, ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ನಾದುತ್ತೇವಲ್ಲ, ಆ ಹಿಟ್ಟು. ಮೈದಾದಲ್ಲಿ ಇರುವ ಜಿಗುಟು ಅಕ್ಕಿಯಲ್ಲಿಲ್ಲ. ಅದನ್ನು ಹಿಡಿದು ನಿಲ್ಲಿಸುವುದು ಬೆಂದ ಪಿಷ್ಟ ಮತ್ತು ಅದರೊಳಗಿನ ನೀರು, ಅಷ್ಟೇ. ಆ ನೀರನ್ನು ಬಿಸಿಗಾಳಿ ಎಳೆದುಕೊಂಡರೆ ಕಡುಬು ಬಿರಿಯುತ್ತದೆ, ತಣ್ಣಗಾದ ಮೇಲೆ ಬಾಯಿಗಿಡಲಾಗದು. ಅಕ್ಕಿಯ ಕಡುಬನ್ನು ಏರ್ ಫ್ರೈಯರ್‌ಗೆ ಹಾಕಲೇಬೇಡ. ಮೊದಲೂ ಹಬೆ, ಮತ್ತೆ ಬಿಸಿ ಮಾಡುವಾಗಲೂ ಹಬೆ. ಉಳಿದದ್ದನ್ನು ಫ್ರಿಡ್ಜಿನ ಕೆಳಗಿನ ಅರೆಯಲ್ಲಿ ಇಟ್ಟರೂ ಗಟ್ಟಿಯಾಗುತ್ತದೆ. ಬೆಂದ ಅಕ್ಕಿಯ ಪಿಷ್ಟ ಆ ತಂಪಿನಲ್ಲೇ ಬೇಗ ಬಿಗಿದುಕೊಳ್ಳುವುದು. ಅಂದೇ ತಿನ್ನು, ಇಲ್ಲವೇ ಆರಿದ ಕೂಡಲೇ ನೇರವಾಗಿ ಫ್ರೀಜರ್‌ಗೆ ಹಾಕು. ನಡುವಿನ ದಾರಿ ಇಲ್ಲ.

ಕರಿಗಡುಬಿನ ವಿಷಯ ಬೇರೆ. ಮೈದಾ, ಚಿರೋಟಿ ರವೆಗೆ ಕಾದ ತುಪ್ಪ ಹಾಕಿ ಉಜ್ಜಿ, ಗಟ್ಟಿಯಾಗಿ ಕಲಸಿ ನೆನೆಸಿದ ಹಿಟ್ಟು ಅದು. ಒಳಗೆ ಕೊಬ್ಬರಿ, ಹುರಿಗಡಲೆ, ಎಳ್ಳು, ಏಲಕ್ಕಿ, ಸಕ್ಕರೆ. ಆ ತುಪ್ಪ ಹಿಟ್ಟಿನ ಕಣಕಣಕ್ಕೂ ಸೇರಿಕೊಂಡಿರುವುದರಿಂದ ಒಣ ಶಾಖವನ್ನು ಅದು ತಾಳಿಕೊಳ್ಳುತ್ತದೆ. ಹೂರಣದಲ್ಲೂ ನೀರಿಲ್ಲ. ಹಾಗಾಗಿ ಹಬೆ ಬೇಕಿಲ್ಲ, ತುಪ್ಪ ಸವರಿ 160 ಡಿಗ್ರಿಯಲ್ಲಿ ಹದಿಮೂರು ಹದಿನಾಲ್ಕು ನಿಮಿಷ ಇಟ್ಟರೆ ಹೊಂಬಣ್ಣಕ್ಕೆ ಬರುತ್ತದೆ. ಕರಿದದ್ದರ ಮೇಲೆ ಏಳುವ ಸಣ್ಣ ಸಣ್ಣ ಗುಳ್ಳೆ ಇದರಲ್ಲಿ ಏಳುವುದಿಲ್ಲ. ಎಣ್ಣೆ ಮೈಗೆ ಅಂಟಿಕೊಂಡು ಶಾಖವನ್ನು ಕ್ಷಣದಲ್ಲಿ ದಾಟಿಸುತ್ತದೆ, ಹಿಟ್ಟಿನೊಳಗಿನ ನೀರು ಆವಿಯಾಗಿ ಪುಟಿದು ಗುಳ್ಳೆ ಎಬ್ಬಿಸುತ್ತದೆ. ಗಾಳಿಗೆ ಆ ಶಕ್ತಿ ಇಲ್ಲ. ನನ್ನ ಮಾತು ಕೇಳುವುದಾದರೆ ಗಣೇಶನ ಹಬ್ಬದ ದಿನ ಬಾಣಲೆಯಲ್ಲೇ ಕರಿ. ವರ್ಷಕ್ಕೊಮ್ಮೆ ಬರುವ ರುಚಿಯನ್ನು ಕಡಿಮೆ ಮಾಡಿಕೊಳ್ಳಬೇಡ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದು ಎಣ್ಣೆ ಬೇಡವೆಂದು ಡಾಕ್ಟರು ಹೇಳಿದವರು ಮನೆಯಲ್ಲಿದ್ದರೆ ಅವರ ಪಾಲಿನದನ್ನು, ಸಿಹಿ ಕಡಿಮೆ ಮಾಡಿ, ಏರ್ ಫ್ರೈಯರ್‌ನಲ್ಲಿ ಮಾಡಿ ಅದೇ ಪಂಕ್ತಿಯಲ್ಲಿ ಬಡಿಸು. ಅವರನ್ನು ಬೇರೆ ಕೂರಿಸಬೇಡ. ಬೆಲ್ಲದ ಹೂರಣವಾದರೆ ಇನ್ನೊಂದು ಮಾತು: ಮೇಲೆ ಆರಿದಂತೆ ಕಂಡರೂ ಒಳಗೆ ಕರಗಿದ ಬೆಲ್ಲ ಬಹಳ ಹೊತ್ತು ಕಾದಿರುತ್ತದೆ, ನಾಲಿಗೆಗೆ ಅಂಟಿಕೊಂಡು ಸುಡುತ್ತದೆ. ಮಕ್ಕಳ ಕೈಗೆ ಕೊಡುವ ಮೊದಲು ಮುರಿದು ಆರಿಸಿ ಕೊಡು.

ಕಡುಬಿಗೆ ಕೈಮಾ ತುಂಬಬಹುದೇ ಎಂದು ಕೇಳಿದೆಯಲ್ಲ, ಈಗ ಅದಕ್ಕೆ ಬರುತ್ತೇನೆ. ಬನ್ನೂರಿನ ಹುಡುಗಿ ಪೊಟ್ಟಣದ ಮಾಂಸದ ಮೊಮೊ ತಿನ್ನುತ್ತಾಳೆ ಎಂಬುದು ನನಗೆ ಸ್ವಲ್ಪ ಕಷ್ಟವೇ. ಗಿಡ್ಡ ಕಾಲು, ತುಂಬಿದ ಮೈ, ಮಾಂಸದ ಎಳೆಯೊಳಗೇ ಹರಡಿದ ಕೊಬ್ಬು, ಈ ಕುರಿಯನ್ನು ಬನ್ನೂರು ಕುರಿ ಎಂದೇ ನಾಡೆಲ್ಲ ಕರೆಯುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಲ್ಲೂ ಕರೆಯುತ್ತಾರೆ, ಸರ್ಕಾರದ ದಾಖಲೆಯಲ್ಲಿ ಮಂಡ್ಯ ತಳಿ. ಅಸಲಿ ತಳಿಯ ಕುರಿಗಳು ಈಗ ಕಡಿಮೆಯಾಗಿವೆ. ನಮ್ಮ ಕಡೆಯ ಕೈಮಾ ಉಂಡೆ ಸಾರಿಗೆ ರುಚಿ ಬಂದದ್ದು ಆ ಕೊಬ್ಬಿನಿಂದಲೇ. ಅದೇ ಕೈಮಾವನ್ನು ನೀನು ಕಡುಬಿಗೆ ತುಂಬಬಹುದು. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಚೂರು ಚಕ್ಕೆ ಲವಂಗದ ಪುಡಿ ಹಾಕು. ಹುರಿಗಡಲೆ ಹಿಟ್ಟು ಒಂದು ಚಮಚ ಸೇರಿಸಿದರೆ ಕರಗಿದ ಕೊಬ್ಬನ್ನು ಅದು ಹಿಡಿದುಕೊಳ್ಳುತ್ತದೆ, ಚರ್ಮ ಒಡೆದು ಸೋರುವುದಿಲ್ಲ.

ಮಾಂಸವನ್ನು ಅರೆದಾಗ ಮೇಲ್ಮೈಯಲ್ಲಿದ್ದ ರೋಗಾಣುಗಳು ಒಳಗೆಲ್ಲ ಹರಡುತ್ತವೆ. ಇಡಿ ತುಂಡಿಗೂ ಕೈಮಾಕ್ಕೂ ಇರುವ ವ್ಯತ್ಯಾಸ ಇದು. ಹಾಗಾಗಿ ಕೈಮಾ ಹೂರಣದ ನಟ್ಟನಡುವೆ 71 ಡಿಗ್ರಿಯಾದರೂ ಮುಟ್ಟಬೇಕು, ಕೋಳಿಯಾದರೆ 74. ಅಡುಗೆಯ ಥರ್ಮಾಮೀಟರು ಸಿಗುತ್ತದೆ, ಒಂದನ್ನು ಕೊಂಡಿಟ್ಟುಕೋ, ದುಬಾರಿಯೇನಲ್ಲ. ಅದು ಬರುವವರೆಗೆ ಬುಟ್ಟಿಯಲ್ಲಿರುವುದರಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿ ಕತ್ತರಿಸಿ ನೋಡು. ಒಳಗೆ ಎಲ್ಲೂ ಹಸಿ ಕೆಂಪು ಇರಬಾರದು, ರಸ ತಿಳಿಯಾಗಿರಬೇಕು, ಹಬೆ ಏಳಬೇಕು. ಸಂಶಯ ಬಂದರೆ ಎಲ್ಲವನ್ನೂ ಮತ್ತೆ ಎರಡು ನಿಮಿಷ ಇಡು. ಯಂತ್ರ ಕಿಣಿಕಿಣಿ ಎಂದರೆ ಸಮಯ ಮುಗಿಯಿತು ಎಂದರ್ಥ. ಬೆಂದಿತೋ ಇಲ್ಲವೋ ಎಂಬುದನ್ನು ನೀನು ನೋಡಿಯೇ ತಿಳಿಯಬೇಕು.

ಮನೆಯಲ್ಲೇ ಮಾಡಿ ಫ್ರೀಜರ್‌ಗೆ ಹಾಕುವುದಾದರೆ, ಹಸಿಯಾಗಿ ಹಾಕುವುದಕ್ಕಿಂತ ಹಬೆಯಲ್ಲಿ ಬೇಯಿಸಿ ಹಾಕುವುದೇ ಮೇಲು. ದೊಡ್ಡ ಕಾರ್ಖಾನೆಗಳಲ್ಲಿ ಸೊನ್ನೆಗಿಂತ ಮೂವತ್ತು ನಲವತ್ತು ಡಿಗ್ರಿ ಕೆಳಗಿನ ಗಾಳಿಯನ್ನು ಬೀಸಿ ನಿಮಿಷಗಳಲ್ಲಿ ಹೆಪ್ಪುಗಟ್ಟಿಸುತ್ತಾರೆ, ಆಗ ಮಂಜಿನ ಹರಳು ಸಣ್ಣದಾಗಿರುತ್ತದೆ. ನಮ್ಮ ಮನೆಯ ಫ್ರೀಜರ್ ನಿಧಾನ. ಹರಳು ದೊಡ್ಡದಾಗಿ ಬೆಳೆದು ಕೋಸಿನ, ಮಾಂಸದ ಎಳೆಗಳನ್ನು ಸೀಳುತ್ತದೆ. ಕರಗುವಾಗ ನೀರೆಲ್ಲ ಹೊರಬಂದು ಚರ್ಮವನ್ನು ನೆನೆಸುತ್ತದೆ. ಅದಕ್ಕೇ ಕೋಸನ್ನು ಹೆಚ್ಚಿ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಚೆನ್ನಾಗಿ ಹಿಂಡಿ ಬಳಸು. ಬೆಂದ ಕಡುಬು ಪೂರ್ತಿ ಆರಲಿ. ತಟ್ಟೆಯ ಮೇಲೆ ಬಿಡಿಬಿಡಿಯಾಗಿಟ್ಟು ಮೊದಲು ಗಟ್ಟಿ ಮಾಡಿಕೊಂಡು ಆಮೇಲೆ ಗಾಳಿ ತೆಗೆದ ಚೀಲಕ್ಕೆ ತುಂಬು. ಮೇಲೆ ತಾರೀಕು ಬರೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಆಹಾರ ಸಂಶೋಧನಾಲಯ ನಡೆಯುತ್ತಿದೆ. ಸೈನ್ಯಕ್ಕೆ ಕೆಡದ ಊಟ ಕಟ್ಟಿಕೊಡುವ ಇನ್ನೊಂದು ಸಂಶೋಧನಾಲಯವೂ 1961ರಿಂದ ಅದೇ ಊರಿನಲ್ಲಿದೆ. ಆಹಾರ ಕೆಡದಂತೆ ಇಡುವುದನ್ನು ಅಷ್ಟೊಂದು ವಿದ್ವಾಂಸರು ಹಗಲಿರುಳು ಅಭ್ಯಾಸ ಮಾಡಿದ ಜಿಲ್ಲೆಯಲ್ಲಿ ಹುಟ್ಟಿದವಳು ನೀನು. ತಾರೀಕು ಬರೆಯದ ಡಬ್ಬ ನಿನ್ನ ಫ್ರೀಜರ್‌ನಲ್ಲಿ ಇರಬಾರದು.

ಪೊಟ್ಟಣದ ಮೇಲಿನ ಗಡುವು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ತಂಪನ್ನು ನಂಬಿ ಬರೆದದ್ದು. ಒಂದೇ ಬಾಗಿಲಿನ ಚಿಕ್ಕ ಫ್ರಿಡ್ಜಿನ ಮೇಲಿನ ಐಸ್ ಪೆಟ್ಟಿಗೆ ಎಷ್ಟೋ ಸಲ ಅಲ್ಲಿಗೆ ಮುಟ್ಟುವುದಿಲ್ಲ. ಆ ಪೆಟ್ಟಿಗೆಯ ಬಾಗಿಲ ಮೇಲೆ ನಕ್ಷತ್ರ ಮುದ್ರಿಸಿದ್ದರೆ ನೋಡು: ಒಂದಿದ್ದರೆ 6 ಡಿಗ್ರಿ ಕೆಳಗೆ, ಎರಡಕ್ಕೆ 12, ಮೂರಕ್ಕೆ 18. ಹೊರಗೆ ಅಂಟಿಸಿದ ಕರೆಂಟು ಉಳಿತಾಯದ ನಕ್ಷತ್ರಗಳು ಬೇರೆ, ಎರಡನ್ನೂ ಕಲಸಿಕೊಳ್ಳಬೇಡ. ಮೂರು ನಕ್ಷತ್ರ ಇಲ್ಲದ ಪೆಟ್ಟಿಗೆಯಲ್ಲಿ ಮೊಮೊವನ್ನು ತಿಂಗಳುಗಟ್ಟಲೆ ಇಡಬೇಡ, ತಂದು ಒಂದು ವಾರದೊಳಗೆ ಮುಗಿಸು. ಅಂಗಡಿಯಲ್ಲಿ ಕೊಳ್ಳುವಾಗಲೂ ಪೊಟ್ಟಣವನ್ನು ಅಲ್ಲಾಡಿಸಿ ನೋಡು. ಬಿಡಿಬಿಡಿಯಾಗಿ ಕಲ್ಲಿನಂತೆ ಸದ್ದು ಮಾಡಬೇಕು. ಎಲ್ಲ ಸೇರಿ ಒಂದೇ ಮುದ್ದೆಯಾಗಿದ್ದರೆ, ಒಳಗೆ ಮಂಜು ದಪ್ಪವಾಗಿ ಕಟ್ಟಿದ್ದರೆ, ಅದು ಎಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದು. ವಾಪಸ್ ಇಟ್ಟು ಬಾ.

ಕರೆಂಟು ಹೋದರೆ ಗಾಬರಿಯಾಗಿ ಬಾಗಿಲು ತೆರೆತೆರೆದು ನೋಡಬೇಡ. ತುಂಬಿದ ಒಳ್ಳೆಯ ಫ್ರೀಜರ್ ಮುಚ್ಚಿಟ್ಟರೆ ಎರಡು ದಿನದವರೆಗೂ ತಂಪು ಹಿಡಿದಿಟ್ಟುಕೊಳ್ಳುತ್ತದೆ, ಅರ್ಧ ತುಂಬಿದ್ದರೆ ಸುಮಾರು ಒಂದು ದಿನ. ಚಿಕ್ಕ ಐಸ್ ಪೆಟ್ಟಿಗೆಗೆ ಅಷ್ಟು ತಾಳ್ಮೆ ಇಲ್ಲ.

ಕರೆಂಟಿನ ಮಾತು ಬಂದಿತಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ನಿನ್ನ ಏರ್ ಫ್ರೈಯರ್‌ನ ಬೆನ್ನಿಗೆ 1500 ವ್ಯಾಟ್ ಎಂದು ಬರೆದಿದೆ. 230 ವೋಲ್ಟಿಗೆ ಭಾಗಿಸು, ಆರೂವರೆ ಆಂಪಿಯರ್ ಬಂತು. ಮೊಬೈಲು ಚಾರ್ಜಿಗೆ ಹಾಕುವ ಸಣ್ಣ ಪ್ಲಗ್ಗು 6 ಆಂಪಿಯರ್‌ನದು. ಅದಕ್ಕೆ, ಅದರಲ್ಲೂ ಮಂಚದ ಕೆಳಗೆ ಎಳೆದ ಎಕ್ಸ್‌ಟೆನ್ಷನ್ ಬಾಕ್ಸಿಗೆ, ಇದನ್ನು ಸಿಕ್ಕಿಸಿದರೆ ತಂತಿ ಕಾದು ಪ್ಲಾಸ್ಟಿಕ್ ಕರಗುತ್ತದೆ. ಪಿಜಿಗಳಲ್ಲಿ ಎಷ್ಟು ಮಕ್ಕಳು ಹೀಗೇ ಮಾಡುತ್ತಾರೆಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಗೀಸರ್‌ಗೆ, ವಾಷಿಂಗ್ ಮೆಷಿನ್‌ಗೆ ಕೊಡುವ 16 ಆಂಪಿಯರ್‌ನ ದೊಡ್ಡ ಪ್ಲಗ್ಗೇ ಬೇಕು. ನಿನ್ನ ರೂಮಿನಲ್ಲಿ ಅದು ಇಲ್ಲದಿದ್ದರೆ ಮನೆಯೊಡತಿಯ ಹತ್ತಿರ ಮಾತಾಡಿ, ಅಡುಗೆಮನೆಯಲ್ಲಿ ಜಾಗ ಕೇಳು. ಅವರು ಬೇಡವೆಂದರೆ ಇಡ್ಲಿ ಪಾತ್ರೆ ಇದೆ, ದೋಸೆ ಕಾವಲಿ ಇದೆ, ಮೊಮೊ ಕಾವಲಿಯಲ್ಲೂ ಆಗುತ್ತದೆ: ಎಣ್ಣೆ ಸವರಿ ಜೋಡಿಸಿ, ಅರ್ಧ ಲೋಟ ನೀರು ಸುತ್ತ ಬಿಟ್ಟು ಮುಚ್ಚು, ನೀರು ಆರಿದ ಮೇಲೆ ತಳ ಕೆಂಪಾಗಲು ಎರಡು ನಿಮಿಷ ಬಿಡು.

ಊರಿಗೆ ಯಂತ್ರ ತಂದಾಗ ಬೇರೊಂದು ತೊಡಕು ಕಾಣುತ್ತೀಯ. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ವೋಲ್ಟೇಜು ಇಳಿದು ದೀಪ ಮಂಕಾಗುವುದು ನಿನಗೆ ಗೊತ್ತು. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಇದ್ದರೆ ಶಾಖ ನೂರಕ್ಕೆ ಅರವತ್ತರಷ್ಟೇ. ಬೆಂಗಳೂರಿನ ಹತ್ತು ನಿಮಿಷ ಬನ್ನೂರಿನಲ್ಲಿ ಹತ್ತು ನಿಮಿಷವಾಗಿ ಉಳಿಯುವುದಿಲ್ಲ. ಇಲ್ಲಿ ಮೊದಲ ಕಾಯಿಸುವಿಕೆಯನ್ನೇ ಆರು ನಿಮಿಷ ಮಾಡು, ಕತ್ತರಿಸಿ ನೋಡದೆ ಬಡಿಸಬೇಡ. ನಮ್ಮೂರ ದೇವತೆ ಹೇಮಾದ್ರಂಬೆಯ ಜಾತ್ರೆಗೆ ಮನೆ ತುಂಬ ನೆಂಟರು ಕೂತಿರುವಾಗ ಏರ್ ಫ್ರೈಯರ್ ನಂಬಿ ಕೂರಲೂಬೇಡ. ಒಂದು ಬುಟ್ಟಿಗೆ ಎಂಟು ಹತ್ತು ಹಿಡಿಯುವ ಯಂತ್ರ ಅದು, ಒಬ್ಬರಿಗೋ ಇಬ್ಬರಿಗೋ ಸರಿ.

ತೊಳೆಯುವುದು ಸುಲಭ. ಬುಟ್ಟಿ ಬೆಚ್ಚಗಿರುವಾಗ ಸೋಪಿನ ನೀರಲ್ಲಿ ನೆನೆಸಿ ಮೆತ್ತನೆಯ ಸ್ಪಂಜಿನಲ್ಲಿ ಉಜ್ಜು, ಸ್ಟೀಲಿನ ನಾರು ಮುಟ್ಟಿಸಬೇಡ, ಲೇಪ ಏಳುತ್ತದೆ. ಬೆಣ್ಣೆ ಕಾಗದ ಹಾಸುವುದಾದರೆ ಮೇಲೆ ತಿನಿಸಿನ ಭಾರ ಇರಲೇಬೇಕು. ಖಾಲಿ ಕಾಗದ ಗಾಳಿಗೆ ಹಾರಿ ಕಾಯಿಲ್‌ಗೆ ಅಂಟಿದರೆ ಹೊತ್ತಿಕೊಳ್ಳುತ್ತದೆ.

ರಾತ್ರಿ ಹತ್ತಕ್ಕೆ ಕೆಲಸದಿಂದ ಬಂದು ಪೊಟ್ಟಣ ಬಿಚ್ಚುವುದಕ್ಕೆ ನಾಚಿಕೊಳ್ಳಬೇಡ. ಬಿಸ್ಕತ್ತು ತಿಂದು ಮಲಗುವುದಕ್ಕಿಂತ ಬಿಸಿ ಮೊಮೊ ತಿನ್ನುವುದು ನೂರು ಪಾಲು ಒಳ್ಳೆಯದು. ನಾನು ಕೇಳುವುದಿಷ್ಟೇ, ಅದೇ ಊಟವಾಗದಿರಲಿ. ಮೈದಾ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ನಾರು ಕಡಿಮೆ. ಹಬೆ ಏಳುವ ಆ ಇಡ್ಲಿ ಪಾತ್ರೆಯ ಕೆಳಗಿನ ತಟ್ಟೆಯಲ್ಲಿ ಹುರುಳಿಕಾಯಿ, ಕ್ಯಾರೆಟ್ಟು ಹೆಚ್ಚಿಟ್ಟರೆ ಅದೂ ಅದೇ ಹೊತ್ತಿಗೆ ಬೇಯುತ್ತದೆ, ಮೇಲೆ ನಿಂಬೆಹಣ್ಣು ಹಿಂಡಿಕೋ. ಒಂದು ಲೋಟ ಮಜ್ಜಿಗೆ ಇರಲಿ. ಪೊಟ್ಟಣದ ಚಟ್ನಿಯ ಬದಲು ಹುಚ್ಚೆಳ್ಳಿನ ಚಟ್ನಿಪುಡಿಗೆ ಮೊಸರು ಕಲಸಿ ನೋಡು, ಮೊಮೊಗೆ ಚೆನ್ನಾಗಿ ಹೊಂದುತ್ತದೆ. ಕಳೆದ ಸಲ ಕಳಿಸಿದ ಪುಡಿ ಮುಗಿದಿದ್ದರೆ ಹೇಳು.

ಈ ಭಾನುವಾರ ನಿನ್ನ ಅಪ್ಪನ ಕೈಯಲ್ಲಿ ಕೈಮಾ ಕಡುಬು ಕಳಿಸುತ್ತೇನೆ, ಹಬೆಯಲ್ಲಿ ಬೇಯಿಸಿ ಗಟ್ಟಿ ಮಾಡಿದ್ದು. ಸ್ಟೀಲ್ ಡಬ್ಬಕ್ಕೆ ಒತ್ತಾಗಿ ತುಂಬಿ, ಹಳೆಯ ಪತ್ರಿಕೆಗಳನ್ನು ನಾಲ್ಕೈದು ಸುತ್ತು ಸುತ್ತಿ, ಮೇಲೆ ಟವೆಲ್ಲಿನಲ್ಲಿ ಕಟ್ಟಿರುತ್ತೇನೆ. ಮಳವಳ್ಳಿ, ಕನಕಪುರದ ದಾರಿಯಲ್ಲಿ ಬಸ್ಸು ಮೂರ್ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಡಬ್ಬ ಕೈಗೆ ಬಂದ ಕೂಡಲೇ ಬಿಚ್ಚಿ, ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡು. ಮಂಜು ಇನ್ನೂ ಬಿಡದೆ ಪೂರ್ತಿ ಗಟ್ಟಿ ಇದ್ದರೆ ಫ್ರೀಜರ್‌ಗೆ ಹಾಕು. ಮೆತ್ತಗಾಗಿದ್ದು ಮುಟ್ಟಿದರೆ ಚೆನ್ನಾಗಿ ತಣ್ಣಗಿದ್ದರೆ ಮತ್ತೆ ಹೆಪ್ಪುಗಟ್ಟಿಸದೆ ಅಂದೇ ರಾತ್ರಿ ಎಲ್ಲವನ್ನೂ ಬೇಯಿಸು, ಪಕ್ಕದ ರೂಮಿನ ಹುಡುಗಿಯರನ್ನೂ ಊಟಕ್ಕೆ ಕರಿ. ದಾರಿಯಲ್ಲಿ ಬಸ್ಸು ಕೆಟ್ಟು ತಡವಾಗಿ, ಡಬ್ಬದ ತಂಪೇ ಹೋಗಿದ್ದರೆ ಅಜ್ಜಿ ಮಾಡಿದ್ದೆಂದು ಉಳಿಸಿಕೊಳ್ಳಬೇಡ, ಎಸೆದುಬಿಡು. ಮತ್ತೆ ಮಾಡಿ ಕಳಿಸುತ್ತೇನೆ.